ಹಳೆಯ ಕಾರಿಗೆ ಬ್ರೇಕ್ ಪೈಪ್ ಮಾಡಿಕೊಳ್ಳಲು ಯಾವ ಸಲಕರಣೆ ಬೇಕು?

ಪ್ರಶ್ನೆ: ನಮ್ಮ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಯನ್ನು ರಜೆಯ ದಿನಗಳಲ್ಲಿ ನಾನೇ ದುರಸ್ತಿ ಮಾಡಿಕೊಳ್ಳುತ್ತಿದ್ದೇನೆ. ಹಿಂದಿನ ಆಕ್ಸಲ್ಲಿಗೆ ಹೋಗುವ ಬ್ರೇಕ್ ಪೈಪ್ ತುಕ್ಕು ಹಿಡಿದು ಕ್ಲಿಪ್ಪಿನ ಹತ್ತಿರ ಜಿನುಗುತ್ತಿದೆ. ಸಿದ್ಧ ಪೈಪ್ ಎಲ್ಲಿಯೂ ಸಿಗಲಿಲ್ಲ. ಪರಿಚಯದ ಫ್ರಿಜ್ ಮೆಕ್ಯಾನಿಕ್ ಒಬ್ಬರು ಪೈಪಿನ ಬಾಯಿ ಅರಳಿಸುವ ತಮ್ಮ ಫ್ಲೇರಿಂಗ್ ಸೆಟ್ಟನ್ನೂ ಎ.ಸಿ.ಗೆ ಬಳಸುವ ತಾಮ್ರದ ಪೈಪನ್ನೂ ಕೊಡಲು ಒಪ್ಪಿದ್ದಾರೆ. ಇಷ್ಟು ಸಾಲದೆ? ಸಾಲದಿದ್ದರೆ ಯಾವ ಸಲಕರಣೆ ಕೊಳ್ಳಬೇಕು, ಯಾವುದರ ಮೇಲೆ ಹೆಚ್ಚು ಖರ್ಚು ಮಾಡಬೇಕು?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸಾಲದು. ಅವರ ಸೆಟ್ಟು, ಪೈಪು ಎರಡನ್ನೂ ನಯವಾಗಿ ಬೇಡವೆನ್ನಿ. ಫ್ರಿಜ್ ಕೆಲಸದವರ ಸೆಟ್ಟು ಪೈಪಿನ ಬಾಯಿಯನ್ನು ಒಂದೇ ಪದರದಲ್ಲಿ, ದತ್ತೂರಿ ಹೂವಿನ ಬಾಯಿಯಂತೆ, ಅಗಲಿಸಿ ಬಿಡುತ್ತದೆ. ಮೆತ್ತನೆಯ ತಾಮ್ರಕ್ಕೆ, ಗ್ಯಾಸಿನ ಒತ್ತಡಕ್ಕೆ ಅದು ಸರಿ. ಬ್ರೇಕಿನಲ್ಲಿ ಪೆಡಲನ್ನು ಗಟ್ಟಿಯಾಗಿ ಒತ್ತಿದಾಗ ಪೈಪಿನೊಳಗಿನ ಒತ್ತಡ 70 ಬಾರ್, ಅಂದರೆ ಸುಮಾರು 1000 ಪಿ.ಎಸ್.ಐ. ಮುಟ್ಟುವುದು ಸಾಮಾನ್ಯ, ಕೆಲವೊಮ್ಮೆ ಅದನ್ನು ದಾಟುವುದೂ ಉಂಟು. ನಿಮ್ಮ ಕಾರಿನ ಟೈರಿಗೆ ತುಂಬುವ ಗಾಳಿ ಹೆಚ್ಚೆಂದರೆ 30 ಪಿ.ಎಸ್.ಐ. ಆಸುಪಾಸು. ಅಷ್ಟು ಒತ್ತಡದ ಜೊತೆಗೆ ಗಾಡಿಯ ನಡುಕವೂ ಸೇರಿದಾಗ ಒಂದೇ ಪದರದ ಬಾಯಿ ಅಂಚಿನಲ್ಲಿ ಸೀಳುತ್ತದೆ. ಆದ್ದರಿಂದಲೇ ಬ್ರೇಕ್ ಪೈಪಿನ ಬಾಯಿಯನ್ನು ಮಡಚಿ ಎರಡು ಪದರ ಮಾಡಬೇಕು, ಇಲ್ಲವೇ ಉಬ್ಬಿಸಿ ಬಬಲ್ ಆಕಾರಕ್ಕೆ ತರಬೇಕು. ಶುದ್ಧ ತಾಮ್ರದ ಪೈಪಿನ ತೊಂದರೆ ಬೇರೆ ಬಗೆಯದು: ನಡುಗುತ್ತಾ ನಡುಗುತ್ತಾ ಅದು ಗಡುಸಾಗಿ, ಒಂದು ದಿನ ಬಿರುಕು ಬಿಡುತ್ತದೆ. ಹಳೆಯ ಗಾಡಿಗಳ ಪೈಕಿ ಒಂದೇ ಸರ್ಕಿಟ್ಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪುಗಳಿಗೆ ತಳ್ಳುವ ಸಿಲಿಂಡರ್) ಇರುವಂಥವುಗಳಲ್ಲಿ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗಿ, ಕೈಯಲ್ಲಿ ಹ್ಯಾಂಡ್‌ಬ್ರೇಕ್ ಮಾತ್ರ ಉಳಿಯುತ್ತದೆಂಬುದನ್ನು ಈ ಕೆಲಸದ ಪ್ರತಿ ಹಂತದಲ್ಲೂ ನೆನಪಿಟ್ಟುಕೊಳ್ಳಿ.

ಸಲಕರಣೆ ಕೊಳ್ಳುವ ಮೊದಲು ಹಳೆಯ ಪೈಪನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡಿ. ಪೈಪಿನ ಹೊರವ್ಯಾಸ ಬಹುತೇಕ 3/16 ಇಂಚು, ಅಂದರೆ 4.75 ಮಿ.ಮೀ. ಇರುತ್ತದೆ, ವರ್ನಿಯರ್ ಹಿಡಿದು ಖಚಿತ ಮಾಡಿಕೊಳ್ಳಿ. ಆಮೇಲೆ ಬಾಯಿಯ ಆಕಾರ ನೋಡಬೇಕು. ಬಾಯಿ ಹೊರಕ್ಕೆ ಅರಳಿ, ಅಂಚು ಒಳಕ್ಕೆ ಮಡಚಿಕೊಂಡಿದ್ದರೆ ಅದು ಡಬಲ್ ಫ್ಲೇರ್. ಅದು ಕೂರುವ ತೂತಿನ ತಳದಲ್ಲಿ ಟಾರ್ಚ್ ಹಾಕಿ ನೋಡಿದರೆ ಮೇಲಕ್ಕೆ ಎದ್ದ ಚಿಕ್ಕ ಶಂಕು ಕಾಣುತ್ತದೆ. ಬಾಯಿ ಗುಂಡಗೆ ಉಬ್ಬಿ, ತುದಿ ಮತ್ತೆ ಕಿರಿದಾಗಿದ್ದರೆ ಅದು ಬಬಲ್ ಫ್ಲೇರ್. ಅದರ ತೂತಿನ ತಳ ಒಳಕ್ಕೆ ತಗ್ಗಾಗಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಬಿಗಿದರೆ ಕೆಲವು ದಿನ ಸೋರದೆಯೂ ಇರಬಹುದು, ಆದರೆ ಅದನ್ನು ನಂಬಿ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ. ನೀವು ಯಾವ ಟೂಲ್ ಕೊಳ್ಳಬೇಕೆಂಬುದನ್ನು ತೀರ್ಮಾನಿಸುವುದು ಈ ಆಕಾರವೇ. ಅಂಗಡಿಯವರು ಏನು ಹೇಳಿದರೂ ಹಳೆಯ ಪೈಪಿನ ತುದಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ.

ಮಾರುಕಟ್ಟೆಯಲ್ಲಿ ಸಿಗುವ ಫ್ಲೇರಿಂಗ್ ಟೂಲ್‌ಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಎರಡು ಪಟ್ಟಿಗಳ ನಡುವೆ ಪೈಪನ್ನು ಹಿಡಿದು, ಮೇಲಿಂದ ಸ್ಕ್ರೂ ತಿರುಗಿಸಿ ಒತ್ತುವಂಥದ್ದು. ಫ್ರಿಜ್ ಸೆಟ್ಟಿನಂತೆಯೇ ಕಾಣುತ್ತದೆ. ವ್ಯತ್ಯಾಸವೇನೆಂದರೆ ಇದರ ಡಬ್ಬಿಯಲ್ಲಿ ಒಂದೊಂದು ಅಳತೆಗೂ ಗುಂಡಿಯಾಕಾರದ ಒಂದೊಂದು ಅಡಾಪ್ಟರ್ ಇರುತ್ತದೆ. ಮೆತ್ತನೆಯ ಪೈಪಿಗೆ, ಅಪರೂಪದ ಕೆಲಸಕ್ಕೆ ಇದು ನಡೆಯುತ್ತದೆ. ಆದರೆ ಉಕ್ಕಿನ ಪೈಪನ್ನು ಇದರಲ್ಲಿ ಹಿಡಿದಾಗ ಪೈಪ್ ಕೆಳಕ್ಕೆ ಜಾರುತ್ತದೆ, ಜಾರಬಾರದೆಂದು ಇನ್ನಷ್ಟು ಬಿಗಿದರೆ ಪಟ್ಟಿಯ ಹಲ್ಲು ಪೈಪಿನ ಮೈಯನ್ನು ಕಚ್ಚಿ ಗಾಯ ಮಾಡುತ್ತದೆ, ಸ್ಕ್ರೂ ತುಸು ವಾರೆಯಾದರೂ ಬಾಯಿ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗುತ್ತದೆ. ಎರಡನೆಯ ಬಗೆ ವೈಸಿನಲ್ಲಿ ಹಿಡಿದು ಲಿವರಿನಿಂದ ಒತ್ತುವಂಥದ್ದು. ಇದರಲ್ಲಿ ಪೈಪನ್ನು ಉದ್ದಕ್ಕೂ ಅಪ್ಪಿ ಹಿಡಿಯುವ ಡೈ, ಅಂದರೆ ಅಚ್ಚು, ಇದ್ದು, ಒತ್ತುವ ತುದಿಗಳು ಒಂದೇ ನೇರದಲ್ಲಿ ಬಂದು ಕೂರುತ್ತವೆ. ಮೂರನೆಯದು ಹೈಡ್ರಾಲಿಕ್. ಯಾವ ಆಕಾರ ಬೇಕಾದರೂ, ಎಂಥ ಗಡುಸು ಪೈಪಿನಲ್ಲಾದರೂ ಅಂದವಾಗಿ ಮಾಡುತ್ತದೆ, ಬೆಲೆ ಮಾತ್ರ ಉಳಿದವುಗಳ ಹಲವು ಪಟ್ಟು. ಗಾಡಿಯಲ್ಲೇ ಇರುವ ಪೈಪಿನ ತುದಿಗೆ ಮಲಗಿಕೊಂಡು ಕೆಲಸ ಮಾಡಲೆಂದು ಕೈಯಲ್ಲಿ ಹಿಡಿಯುವ ಚಿಕ್ಕ ಟೂಲ್ ಕೂಡ ಇದೆ. ಪೂರ್ತಿ ಪೈಪನ್ನೇ ಬದಲಿಸುವ ನಿಮಗೆ ಅದರ ಅಗತ್ಯವಿಲ್ಲ.

ನನ್ನ ಮಾತು ಕೇಳುವುದಾದರೆ, ಒಂದೇ ಅಳತೆಗೆಂದು ಮಾಡಿದ, ವೈಸಿನಲ್ಲಿ ಹಿಡಿಯುವ ಎರಡನೆಯ ಬಗೆಯದನ್ನೇ ಕೊಳ್ಳಿ. ಹತ್ತು ಅಳತೆಗೆ ಆಗುತ್ತದೆಂದು ಹೇಳುವ ದೊಡ್ಡ ಡಬ್ಬಿಯಲ್ಲಿ ನಿಮಗೆ ಬೇಕಾಗುವುದು ಒಂದೇ ಅಳತೆ. ಉಳಿದ ಒಂಬತ್ತಕ್ಕೆ ಕೊಟ್ಟ ಹಣದಲ್ಲಿ ಒಳ್ಳೆಯ ಪೈಪೇ ಬಂದೀತು. ಹಣ ಹಾಕಬೇಕಾದ್ದು ಬಾಯಿ ಮಾಡುವ ಟೂಲಿಗೆ. ಕಟರ್, ಬೆಂಡರ್‌ಗಳಲ್ಲಿ ಸಾಧಾರಣದವು ಸಾಕು.

ಪೈಪಿನ ವಿಷಯದಲ್ಲಿ ಎರಡು ಆಯ್ಕೆಗಳಿವೆ. ಕಾರ್ಖಾನೆಯಿಂದ ಬಂದ ಪೈಪ್ ಸಾಮಾನ್ಯವಾಗಿ ತಾಮ್ರ ಲೇಪಿಸಿದ ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಬೆಸೆದ ಇಮ್ಮಡಿ ಗೋಡೆಯದು. ಗೋಡೆಯ ದಪ್ಪ ಸುಮಾರು 0.7 ಮಿ.ಮೀ. ಬಲವಾದದ್ದೇ, ಆದರೆ ತುಕ್ಕು ಅದರ ಶತ್ರು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಗಾಡಿಯ ಅಡಿಗೆ ಮೆತ್ತಿಕೊಂಡರೆ ಮೇಲೆ ಒಣಗಿದಂತೆ ಕಂಡರೂ ಕ್ಲಿಪ್ಪಿನ ಸಂದಿಯಲ್ಲಿ ವಾರಗಟ್ಟಲೆ ತೇವ ಹಿಡಿದುಕೊಂಡಿರುತ್ತದೆ. ನಿಮ್ಮ ಪೈಪ್ ಕ್ಲಿಪ್ಪಿನ ಹತ್ತಿರವೇ ಜಿನುಗುತ್ತಿರುವುದಕ್ಕೂ ಇಂಥದೇ ಕಾರಣವಿರಬಹುದು. ತಾಮ್ರಕ್ಕೆ ಸುಮಾರು ಶೇ. 10ರಷ್ಟು ನಿಕ್ಕಲ್ ಬೆರೆಸಿದ ಕ್ಯುಪ್ರೊನಿಕ್ಕಲ್ ಪೈಪ್ ತುಕ್ಕು ಹಿಡಿಯುವುದಿಲ್ಲ, ಕೈಯಿಂದಲೇ ಬಾಗುತ್ತದೆ, ಬಾಯಿ ಮಾಡುವಾಗ ಸೀಳುವುದು ಅಪರೂಪ. ಸ್ವೀಡನ್ನಿನ ವೋಲ್ವೊದವರು 1970ರ ದಶಕದಲ್ಲೇ ತಮ್ಮ ಕಾರುಗಳಿಗೆ ಇದನ್ನು ಹಾಕತೊಡಗಿದ್ದರು. ನೋಟಕ್ಕೆ ತಾಮ್ರದಂತೆಯೇ ಇರುವುದರಿಂದ, ಬ್ರೇಕಿಗೆಂದೇ ತಯಾರಾದದ್ದು ಎಂದು ಸುರುಳಿಯ ಮೇಲೆ ನಮೂದಿಸಿದ್ದನ್ನಷ್ಟೇ ಕೊಳ್ಳಿ. ಸಾಮಾನ್ಯವಾಗಿ 25 ಅಡಿಯ ಸುರುಳಿ ಬರುತ್ತದೆ. ಅಭ್ಯಾಸಕ್ಕೂ ಅದರಲ್ಲೇ ಮಿಗುತ್ತದೆ.

ಅಭ್ಯಾಸ ಮಾಡದೆ ಕೆಲಸಕ್ಕೆ ಕೈ ಹಾಕಬೇಡಿ. ಪೈಪನ್ನು ಹ್ಯಾಕ್ಸಾದಿಂದ ಕೊಯ್ಯದೆ ಚಿಕ್ಕ ಚಕ್ರದ ಕಟರಿನಿಂದ ಕತ್ತರಿಸಿ. ಒಂದೊಂದು ಸುತ್ತಿಗೂ ಗುಬಟನ್ನು ಒಂದಿಷ್ಟೇ ಬಿಗಿಯಬೇಕು, ಅವಸರ ಮಾಡಿದರೆ ಬಾಯಿ ಒಳಕ್ಕೆ ಕುಗ್ಗುತ್ತದೆ. ಬಾಯಿಯನ್ನು ಕೆಳಮುಖ ಮಾಡಿ ಹಿಡಿದು ಒಳಗಿನ ಚೂಪನ್ನು ರೀಮರಿನಿಂದ ತೆಗೆದರೆ ಲೋಹದ ಪುಡಿ ಪೈಪಿನೊಳಗೆ ಬೀಳುವುದಿಲ್ಲ. ಹೊರಗಿನ ಅಂಚಿಗೆ ಕಾನಸಿನಿಂದ ಸಣ್ಣ ಇಳಿಜಾರು ಕೊಡಿ. ಇಲ್ಲಿಯೇ ನಟ್ಟನ್ನು ಪೈಪಿಗೆ ಏರಿಸಿಬಿಡಿ. ಬಾಯಿ ಅಂದವಾಗಿ ಬಂದ ಮೇಲೆ ನಟ್ ಇನ್ನೂ ಮೇಜಿನ ಮೇಲೆಯೇ ಕುಳಿತಿರುವುದನ್ನು ಕಾಣದ ಮಿಸ್ತ್ರಿ ಯಾವ ಊರಿನಲ್ಲೂ ಇರಲಾರ. ಪಟ್ಟಿಯ ಟೂಲ್ ಆದರೆ ಅಡಾಪ್ಟರಿನ ಮೆಟ್ಟಿಲು ಎಷ್ಟು ಎತ್ತರವಿದೆಯೋ ಪೈಪ್ ಸರಿಯಾಗಿ ಅಷ್ಟೇ ಮೇಲೆ ಚಾಚಿರಬೇಕು; ಕಡಿಮೆಯಾದರೆ ಅಂಚು ಪೂರ್ತಿ ಮಡಚುವುದಿಲ್ಲ, ಹೆಚ್ಚಾದರೆ ಬಾಯಿ ವಾರೆಯಾಗುತ್ತದೆ. ಒಂದು ಹನಿ ಬ್ರೇಕ್ ಆಯಿಲ್ ಸವರಿ, ಅಡಾಪ್ಟರಿನ ಮೆಟ್ಟಿಲು ಪಟ್ಟಿಗೆ ತಾಗುವ ತನಕ ಒತ್ತಿ ತೆಗೆದರೆ ಬಾಯಿ ಉಬ್ಬಿ ನಿಂತಿರುತ್ತದೆ. ಆಮೇಲೆ ಅಡಾಪ್ಟರ್ ಇಲ್ಲದೆ ಶಂಕುವಿನಿಂದ ಒತ್ತಿದಾಗ ಉಬ್ಬಿದ ಅಂಚು ಒಳಕ್ಕೆ ಮಡಚಿ ಎರಡು ಪದರವಾಗುತ್ತದೆ. ಈ ಎರಡನೆಯ ಒತ್ತು ಹದವಾಗಿರಲಿ, ಬಲವಂತ ಮಾಡಿದರೆ ಅಂಚು ತೆಳುವಾಗುತ್ತದೆ. 3/16 ಇಂಚಿನ ಪೈಪಿಗೆ ಅರಳಿದ ಬಾಯಿಯ ವ್ಯಾಸ ಸುಮಾರು 7 ಮಿ.ಮೀ. ಬಂದರೆ ಸರಿಯಾಗಿದೆ. ಅಭ್ಯಾಸದ ತುಂಡುಗಳಲ್ಲಿ ಒಂದನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ, ಪದರಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೋ ನಡುವೆ ಪೊಳ್ಳು ಉಳಿದಿದೆಯೋ ಎಂಬುದು ಸ್ಪಷ್ಟವಾಗುತ್ತದೆ.

ಪ್ರಶ್ನೆ: ನಮ್ಮದು ಅಂಬಾಸಡರ್. ಹಾಳಾದ ಅರ್ಧ ಅಡಿಯನ್ನಷ್ಟೇ ಕತ್ತರಿಸಿ, ಹೊಸ ತುಂಡನ್ನು ಫೆರೂಲ್ ಜಾಯಿಂಟಿನಿಂದ ಸೇರಿಸಿದರೆ ಸಾಕೆಂದು ಟ್ರ್ಯಾಕ್ಟರ್, ಜೆ.ಸಿ.ಬಿ.ಗಳ ಹೈಡ್ರಾಲಿಕ್ ಹೋಸ್ ಮಾಡುವವರು ಹೇಳುತ್ತಾರೆ. ಅವರಲ್ಲಿ ಫ್ಲೇರ್ ಮಾಡುವ ಯಂತ್ರವೂ ಇದೆ. ಅವರಿಂದಲೇ ಮಾಡಿಸಬಹುದೇ?
— ಓದುಗರು, ಬೆಟಗೇರಿ, ಗದಗ

ಉತ್ತರ: ಫೆರೂಲ್ ಜಾಯಿಂಟ್ ಬ್ರೇಕಿಗೆ ಸಲ್ಲದು. ಹಿತ್ತಾಳೆಯ ಉಂಗುರವೊಂದು ಪೈಪನ್ನು ಹಿಚುಕಿ ಹಿಡಿದಿರುವ ಜೋಡಣೆ ಅದು. ಮತ್ತೆ ಮತ್ತೆ ಏರಿಳಿಯುವ ಒತ್ತಡಕ್ಕೆ ಪೈಪ್ ಅದರಿಂದ ಜಾರಿ ಹೊರಬರಬಹುದು. ಅಲ್ಲದೆ ಅರ್ಧ ಅಡಿ ತಿಂದ ತುಕ್ಕು ಉಳಿದ ಭಾಗವನ್ನು ಬಿಟ್ಟಿರುವ ಸಂಭವ ಕಡಿಮೆ. ಒಂದು ಯೂನಿಯನ್ನಿನಿಂದ (ನಟ್ಟಿನಿಂದ ಪೈಪ್ ಕೂಡುವ ಜಾಗ) ಮುಂದಿನ ಯೂನಿಯನ್ನಿನ ತನಕ ಪೂರ್ತಿ ಪೈಪನ್ನೇ ಬದಲಿಸಿ.

ಹೈಡ್ರಾಲಿಕ್ ಅಂಗಡಿಯವರ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅವರ ಕೋನವೇ ಬೇರೆ. ಅವರ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಜೆ.ಐ.ಸಿ. ಎನ್ನುವ 37 ಡಿಗ್ರಿಯ ಶಂಕು. ಕಾರಿನ ಡಬಲ್ ಫ್ಲೇರಿಗೆ ಬೇಕಾದದ್ದು 45 ಡಿಗ್ರಿ. ಎಂಟು ಡಿಗ್ರಿಯ ಅಂತರ ಬರಿಗಣ್ಣಿಗೆ ಹೊಳೆಯುವುದಿಲ್ಲ. ನಟ್ ಬಿಗಿದಾಗ ಮಾತ್ರ ಲೋಹ ಲೋಹಕ್ಕೆ ಅಗಲವಾಗಿ ಒರಗುವ ಬದಲು ಒಂದು ತೆಳುವಾದ ಗೆರೆಯ ಮೇಲಷ್ಟೇ ತಾಗುತ್ತದೆ, ಅಲ್ಲಿಂದಲೇ ಸೋರುತ್ತದೆ. ಅವರ ಬಳಿ 45 ಡಿಗ್ರಿಯ ಡೈ ಇದ್ದು, ಎರಡು ಪದರದ ಬಾಯಿ ಮಾಡಿಕೊಡುವುದಾದರೆ ಧಾರಾಳವಾಗಿ ಮಾಡಿಸಿ. ಮೊದಲು ಒಂದು ಚೂರು ಪೈಪಿನ ಮೇಲೆ ಮಾಡಿ ತೋರಿಸಲು ಕೇಳಲು ಸಂಕೋಚಪಡಬೇಡಿ. ಒಂದೆರಡೇ ಪೈಪ್ ಬದಲಿಸುವವರು ಟೂಲ್ ಕೊಳ್ಳುವುದಕ್ಕಿಂತ ಹೀಗೆ ಮಾಡಿಸುವುದೇ ಲೇಸು.

ಅಂಬಾಸಡರ್ ಇರುವವರು ಇನ್ನೊಂದು ವಿಷಯಕ್ಕೆ ಗಮನ ಕೊಡಬೇಕು. ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಹೊರಗೆ ಆಟೆ (ಸ್ಕ್ರೂವಿನಂಥ ಸುತ್ತುಗೆರೆ) ಇರುವ ನಟ್ಟಿಗೆ ಬಬಲ್, ಒಳಗೆ ಆಟೆ ಇರುವ ನಟ್ಟಿಗೆ ಡಬಲ್ ಫ್ಲೇರ್ ಇರುವುದುಂಟು, ಹೀಗಾಗಿ ಒಂದೇ ಪೈಪಿನ ಎರಡು ತುದಿಗಳು ಬೇರೆ ಬೇರೆಯಾಗಿರಬಹುದು. ನೀವು ಟೂಲ್ ಕೊಳ್ಳುವುದೇ ಆದರೆ ಎರಡೂ ಬಗೆಯ ಡೈ ಇರುವುದನ್ನು ಆರಿಸಿ. ನಿಮ್ಮ ಊರಿನಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ನಾಲ್ಕೈದು ಮಂದಿ ಇದ್ದರೆ ಕೂಡಿ ಒಂದು ಹೈಡ್ರಾಲಿಕ್ ಟೂಲ್ ತರಿಸಿಕೊಳ್ಳುವುದು ಜಾಣತನ. ಒಬ್ಬರಿಗೇ ಅದು ದುಬಾರಿ ಶೋಕಿ.

ಪ್ರಶ್ನೆ: ಪೈಪಿಗೆ ಹೊಸ ನಟ್ ಹಾಕಬೇಕೆಂದಿದ್ದೇನೆ. ಲೇಥ್ ಕೆಲಸದವರು ಕೊಟ್ಟ ನಟ್ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆದರೆ ಅಲುಗಾಡುತ್ತದೆ. ಪೂರ್ತಿ ಬಿಗಿದರೆ ಸರಿಹೋಗುವುದೇ?
— ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬಿಗಿಯಬೇಡಿ. ಬ್ರೇಕ್ ಪೈಪಿನಲ್ಲಿ ಹೆಚ್ಚಾಗಿ ಕಾಣಸಿಗುವ ಎರಡು ನಟ್‌ಗಳು ಅವಳಿಗಳಂತೆ ತೋರುತ್ತವೆ. ಒಂದು 10 ಮಿ.ಮೀ. ವ್ಯಾಸದ, ಆಟೆಯಿಂದ ಆಟೆಗೆ 1 ಮಿ.ಮೀ. ಅಂತರದ ಮೆಟ್ರಿಕ್ ನಟ್. ಇನ್ನೊಂದು 3/8 ಇಂಚಿನ, ಇಂಚಿಗೆ 24 ಆಟೆಯ ಯು.ಎನ್.ಎಫ್. ನಟ್. ಎರಡನೆಯದರ ವ್ಯಾಸ 9.53 ಮಿ.ಮೀ., ಆಟೆಗಳ ಅಂತರ 1.06 ಮಿ.ಮೀ. ಇಂಚಿನ ನಟ್ಟನ್ನು ಮೆಟ್ರಿಕ್ ತೂತಿಗೆ ಹಾಕಿದರೆ ನೀವು ಹೇಳಿದ ಹಾಗೆಯೇ ಸಡಿಲವಾಗಿ ಹೋಗುತ್ತದೆ. ಪಾನಾ ಹಾಕಿದಾಗ ಬಿಗಿಯಾದಂತೆ ಅನಿಸುತ್ತದೆ, ಆದರೆ ಆಟೆಗಳು ಒಂದನ್ನೊಂದು ತುದಿಯಲ್ಲಷ್ಟೇ ಹಿಡಿದಿರುವುದರಿಂದ ಪೆಡಲನ್ನು ಜೋರಾಗಿ ಒತ್ತಿದ ದಿನ ಕಿತ್ತು ಬರಬಹುದು. ಮೆಟ್ರಿಕ್ ನಟ್ಟನ್ನು ಇಂಚಿನ ತೂತಿಗೆ ಹಾಕಿದರೆ ಮೊದಲ ಸುತ್ತಿನಲ್ಲೇ ಸಿಕ್ಕಿಕೊಳ್ಳುತ್ತದೆ. ಒತ್ತಾಯ ಮಾಡಿದವರು ಮಾಸ್ಟರ್ ಸಿಲಿಂಡರನ್ನೇ ಹಾಳುಮಾಡಿಕೊಳ್ಳುತ್ತಾರೆ.

ಕಾರಿನ ಮೂಲ ನೋಡಿ ಊಹೆ ಮಾಡುವುದೂ ಅಪಾಯ. ಗಾಡಿ ಹಳೆಯದಾದಷ್ಟೂ ಯಾರು ಯಾವಾಗ ಯಾವ ಸಿಲಿಂಡರ್ ಬದಲಿಸಿದ್ದಾರೆಂಬುದು ತಿಳಿಯದು. ವರ್ನಿಯರಿನ ಜೊತೆಗೆ ಆಟೆ ಅಳೆಯುವ ಪಿಚ್ ಗೇಜ್ ಒಂದನ್ನು ಇಟ್ಟುಕೊಳ್ಳಿ; ಕಡಿಮೆ ಬೆಲೆಯ ವಸ್ತು, ಫ್ಲೇರಿಂಗ್ ಟೂಲಿನ ನಂತರ ಈ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಸರಿಯಾದ ನಟ್ ಕೈಬೆರಳಿನಿಂದಲೇ ಕೊನೆಯತನಕ, ಅಲುಗದೆ, ಹೋಗುತ್ತದೆ. ಹಳೆಯ ನಟ್‌ನ ಮೂಲೆಗಳು ಸವೆಯದಿದ್ದರೆ ಅದನ್ನೇ ತೊಳೆದು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಸೋರುತ್ತದೆಂದು ಆಟೆಗಳಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಸೋರಿಕೆ ತಡೆಯುವುದು ಪೈಪಿನ ಬಾಯಿಯೇ ಹೊರತು ಆಟೆಗಳಲ್ಲ.

ಪ್ರಶ್ನೆ: ಹಳೆಯ ಜೀಪಿಗೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಹಾಕಿಸುವ ಆಸೆಯಿದೆ. ಮನೆಯಲ್ಲೇ ಮಾಡಬಹುದೇ?
— ಓದುಗರು, ರಾಣೆಬೆನ್ನೂರು

ಉತ್ತರ: ಕೈ ಟೂಲಿನಿಂದ ಆಗುವ ಕೆಲಸವಲ್ಲ. ಸ್ಟೇನ್‌ಲೆಸ್ ಸ್ಟೀಲ್ ಬಾಗಿಸಿದಷ್ಟೂ ಗಡುಸಾಗುವ ಲೋಹ. ಎರಡನೆಯ ಮಡಿಕೆಯಲ್ಲಿ ಸೀಳುತ್ತದೆ, ಸೀಳದಿದ್ದರೂ ಗಡುಸಾದ ಬಾಯಿ ತಳದ ಶಂಕುವಿಗೆ ಹೊಂದಿಕೊಂಡು ಕೂರುವುದಿಲ್ಲ. ಹೈಡ್ರಾಲಿಕ್ ಟೂಲ್, ಬೆಸುಗೆಯಿಲ್ಲದ ಮೆತ್ತನೆಯ ದರ್ಜೆಯ ಪೈಪ್ ಎರಡೂ ಇದ್ದರಷ್ಟೇ ಯೋಚಿಸಿ. ಇಲ್ಲವಾದರೆ ಕ್ಯುಪ್ರೊನಿಕ್ಕಲ್ ಹಾಕಿ. ಜೀಪಿನ ಅಡಿಯಲ್ಲಿ ಅದರ ಹೊಳಪು ನೋಡಲು ಯಾರೂ ಬಗ್ಗುವುದಿಲ್ಲ.

ಪ್ರಶ್ನೆ: ಹಳೆಯ ನಟ್ ಬಿಚ್ಚುವಾಗ ಪಾನಾ ಜಾರಿ ಮೂಲೆಗಳು ಸವೆದುಹೋದವು. ಹೊಸ ಪೈಪನ್ನು ಬಾಗಿಸುವಾಗ ಎರಡು ಕಡೆ ಚಪ್ಪಟೆಯಾಯಿತು. ಇದಕ್ಕೆಲ್ಲ ಬೇರೆ ಸಲಕರಣೆ ಇದೆಯೇ? ಜೋಡಿಸಿದ ಮೇಲೆ ಪರೀಕ್ಷೆ ಹೇಗೆ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಬಾಯಿ ತೆರೆದ ಸಾದಾ ಪಾನಾ ನಟ್ಟಿನ ಎರಡೇ ಮುಖಗಳನ್ನು ಹಿಡಿಯುತ್ತದೆ. ಈ ಕೆಲಸಕ್ಕೆಂದೇ ಫ್ಲೇರ್ ನಟ್ ಪಾನಾ ಇದೆ: ರಿಂಗ್ ಪಾನಾದ ಒಂದು ಬದಿಯಲ್ಲಿ ಪೈಪ್ ದಾಟುವಷ್ಟು ಸಂದಿ ಬಿಟ್ಟದ್ದು, ಉಳಿದ ಎಲ್ಲ ಮುಖಗಳನ್ನೂ ತಬ್ಬಿ ಹಿಡಿಯುತ್ತದೆ. ನಿಮ್ಮ ನಟ್ ಯಾವ ಅಳತೆಯದೋ ಅದೊಂದನ್ನೇ ಒಳ್ಳೆಯದನ್ನು ಕೊಂಡರೆ ಸಾಕು. ಅಗ್ಗದ್ದರ ಬಾಯಿ ಒತ್ತಿದಾಗ ಅಗಲವಾಗಿ, ಮತ್ತೆ ಹಳೆಯ ಕಥೆಯೇ ಆಗುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿರಿ. ಪೈಪನ್ನು ಹೇಗೂ ಎಸೆಯುವುದಾದರೆ ನಟ್ಟಿನ ಹತ್ತಿರವೇ ಅದನ್ನು ಕತ್ತರಿಸಿ, ಆರು ಮೂಲೆಯ ಸಾಕೆಟ್ ಇಟ್ಟು ತಿರುಗಿಸಿ. ಸವೆದ ನಟ್ ಕೂಡ ಬಹುಪಾಲು ಹೀಗೆ ಬರುತ್ತದೆ. ಗ್ಯಾಸ್ ಬೆಂಕಿ ಹಿಡಿದು ಕಾಯಿಸುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿದೆ. ಬ್ರೇಕ್ ಆಯಿಲ್ ಹೊತ್ತಿಕೊಳ್ಳುವ ವಸ್ತು, ಒಳಗಿನ ರಬ್ಬರ್ ವಾಷರ್‌ಗಳೂ ಸುಡುತ್ತವೆ, ಆದ್ದರಿಂದ ಅದು ಬೇಡ.

ಬಾಗಿಸಲು ಇಕ್ಕಳದಂಥ ಚಿಕ್ಕ ಬೆಂಡರ್ ಸಾಕು. ಪೈಪ್ ಅದರ ತೋಡಿನಲ್ಲಿ ಪೂರ್ತಿ ಕೂತು ಸುತ್ತುವುದರಿಂದ ಚಪ್ಪಟೆಯಾಗುವುದಿಲ್ಲ. ದೊಡ್ಡ ತಿರುವುಗಳನ್ನು ಸರಿಯಾದ ಗಾತ್ರದ ಸಾಕೆಟ್ಟಿನ ಅಥವಾ ಗುಂಡು ಸರಳಿನ ಸುತ್ತ ಹೆಬ್ಬೆರಳಿನಿಂದ ಒತ್ತಿಯೇ ತರಬಹುದು. ಹಳೆಯ ಪೈಪನ್ನು ನಮೂನೆಯಾಗಿ ಪಕ್ಕದಲ್ಲಿಟ್ಟುಕೊಳ್ಳಿ; ಅದು ಮುರಿದಿದ್ದರೆ ಮೆತ್ತನೆಯ ತಂತಿಯನ್ನು ಗಾಡಿಯ ಅಡಿಯಲ್ಲಿ ಅದೇ ದಾರಿಯಲ್ಲಿ ಹಾಯಿಸಿ ಉದ್ದವನ್ನೂ ತಿರುವನ್ನೂ ಗುರುತಿಸಿಕೊಳ್ಳಿ. ಬಾಯಿಯ ಹತ್ತಿರ ನಟ್ ಹಿಂದಕ್ಕೆ ಸರಿಯುವಷ್ಟು ನೇರ ಭಾಗ ಉಳಿಯಲೇಬೇಕು. ತಿರುವು ನಟ್ಟಿನ ಹತ್ತಿರವೇ ಬರುವುದಿದ್ದರೆ ಬಾಯಿಯನ್ನು ಮೊದಲು ಮಾಡಿ, ಬಾಗಿಸುವುದನ್ನು ಆಮೇಲೆ ಇಟ್ಟುಕೊಳ್ಳಿ. ನೀವು ಹೇಳಿದ ಚಪ್ಪಟೆಯಾದ ಪೈಪನ್ನು ಸುತ್ತಿಗೆಯಿಂದ ಗುಂಡಗೆ ಮಾಡಲು ಹೋಗದೆ ಗುಜರಿಗೆ ಹಾಕಿ.

ಜೋಡಿಸುವ ಮುನ್ನ ಪೈಪಿನೊಳಗೆ ಸ್ಪಿರಿಟ್ ಹಾಯಿಸಿ ಗಾಳಿ ಊದಿ ಒಣಗಿಸಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತಾಗಿದರೆ ಸಿಲಿಂಡರಿನ ರಬ್ಬರ್ ಉಬ್ಬಿ ಕೆಡುತ್ತದೆ. ಎಲ್ಲ ನಟ್‌ಗಳನ್ನೂ ಮೊದಲು ಕೈಯಿಂದ ಕೂರಿಸಿ, ಆಮೇಲೆ ಪಾನಾ ಹಾಕಿ. ಪೈಪಿನೊಳಗೆ ಸೇರಿದ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ನಮ್ಮ ಬಲಗಡೆ ಸ್ಟಿಯರಿಂಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡಚಕ್ರದಿಂದ, ಆರಂಭಿಸಿ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ, ಇಲ್ಲವಾದರೆ ಬಣ್ಣ ಎದ್ದುಬರುತ್ತದೆ. ಅನಂತರ ಒಬ್ಬರು ಪೆಡಲನ್ನು ಎಷ್ಟು ಸಾಧ್ಯವೋ ಅಷ್ಟು ಬಲವಾಗಿ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಒಣ ಕಾಗದದಿಂದ ಪ್ರತಿ ಯೂನಿಯನ್ನನ್ನೂ ಒರೆಸುತ್ತಾ ಹೋಗಲಿ. ಪೆಡಲ್ ನಿಧಾನವಾಗಿ ಕೆಳಕ್ಕೆ ಇಳಿಯುತ್ತಿದ್ದು ಹೊರಗೆಲ್ಲೂ ತೇವ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿರಬಹುದು, ಚಕ್ರದ ಸಿಲಿಂಡರ್ ಡ್ರಮ್ಮಿನೊಳಗೇ ಸೋರುತ್ತಿರಲೂಬಹುದು. ಕಾಗದ ತೇವವಾದರೆ ಆ ನಟ್ಟನ್ನು ತುಸು ಸಡಿಲಿಸಿ ಮತ್ತೆ ಬಿಗಿದು ನೋಡಿ. ಆಗಲೂ ತೇವ ಬಂದರೆ ಇನ್ನಷ್ಟು ಬಿಗಿಯದೆ ಪೈಪ್ ಬಿಚ್ಚಿ, ಬಾಯಿಯನ್ನು ಕತ್ತರಿಸಿ ಹೊಸದಾಗಿ ಮಾಡಿ. ಅದಕ್ಕೆಂದೇ ಕತ್ತರಿಸುವಾಗ ಪೈಪನ್ನು ಒಂದೆರಡು ಇಂಚು ಉದ್ದವಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.